ನೂರೆಂಟು ದಿನ, ನೂರೆಂಟು ಮೊಳ ಹೂವು

2000ನೇ ಇಸವಿ ಜುಲೈ 30, ಭಾನುವಾರ. ಆಷಾಢದ ಅಮಾವಾಸ್ಯೆಯ ಕತ್ತಲು. ಗಂಡನ ಆಯುಸ್ಸು ಗಟ್ಟಿಯಾಗಿರಲಿ ಎಂದು ಹೆಣ್ಣುಮಕ್ಕಳು ವ್ರತ ಹಿಡಿಯುವ ಭೀಮನ ಅಮಾವಾಸ್ಯೆಯ ಹೊತ್ತು ಅದು. ಆ ರಾತ್ರಿಯೇ ಗಾಜನೂರಿನ ತೋಟದ ಮನೆಗೆ ಬಂದೂಕು ಹಿಡಿದವರು ನುಗ್ಗಿದರು. ಮುಂದಾಳು ವೀರಪ್ಪನ್! ಪಾರ್ವತಮ್ಮನವರ ಕಣ್ಣೆದುರಿಗೇ ಅಣ್ಣಾವ್ರನ್ನು, ಜೊತೆಗಿದ್ದ ಇನ್ನು ಮೂವರನ್ನು ಕಾಡಿಗೆ ಕರೆದುಕೊಂಡು ಹೊರಟೇಬಿಟ್ಟ. ಮುಖ್ಯಮಂತ್ರಿಗಳಿಗೆ ತಲುಪಿಸಿ ಎಂದು ಒಂದು ಕ್ಯಾಸೆಟ್ಟನ್ನು ಅಮ್ಮನವರ ಕೈಗಿತ್ತು ಹೋದ.

ಚಿತ್ರರಸಿಕ ಮಿತ್ರರೇ, ಅಣ್ಣಾವ್ರಿಗೆ ಆಗ ಎಪ್ಪತ್ತೊಂದು ವರ್ಷ. ಮಂಡಿನೋವು ಬೇರೆ. ತೆರೆಯ ಮೇಲೆ ಹತ್ತು ಜನರನ್ನು ಒಂದೇ ಏಟಿಗೆ ಉರುಳಿಸುತ್ತಿದ್ದ ನಮ್ಮ ಹೀರೋ, ಮಳೆಗಾಲದ ಕಾಡಿನಲ್ಲಿ ಕತ್ತಲಲ್ಲಿ ನಡೆಯುತ್ತಿದ್ದಾರೆ. ಇಲ್ಲಿ ಫೈಟ್ ಮಾಸ್ಟರೂ ಇಲ್ಲ, 'ಕಟ್' ಅನ್ನುವ ಡೈರೆಕ್ಟರೂ ಇಲ್ಲ!

ನಾನಾಗ ನಂಜನಗೂಡಿನಲ್ಲಿದ್ದೆ. ಬಸ್ ಸ್ಟ್ಯಾಂಡಿಗೆ ಸುದ್ದಿ ಬಂದಾಗ ಯಾರೂ ನಂಬಲಿಲ್ಲ. "ಅಣ್ಣಾವ್ರನ್ನ ಮುಟ್ಟೋಕೆ ಯಾವನಿಗೆ ಧೈರ್ಯ ಇದೆ?" ಅಂದ ನನ್ನ ಗೆಳೆಯ. ಅವನು ಖಾಸಗಿ ಬಸ್ಸಿನಲ್ಲಿ ಕ್ಲೀನರ್. ಅಣ್ಣಾವ್ರ ಹೊಸ ಚಿತ್ರ ಬಂದರೆ ಮೊದಲ ದಿನ ಮೊದಲ ಆಟಕ್ಕೆ ಬಸ್ಸು ಬಿಟ್ಟು ಓಡುವ ಆಸಾಮಿ. ಅರ್ಧ ಗಂಟೆಯಲ್ಲಿ ರೇಡಿಯೋ ಖಚಿತ ಮಾಡಿತು. ಅವನು ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕುಳಿತ.

ಆಮೇಲೆ ಆದದ್ದು ನಿಮಗೆ ಗೊತ್ತು. ಚಿತ್ರಮಂದಿರಗಳು ಬಾಗಿಲು ಹಾಕಿದವು. ಗಾಂಧಿನಗರ ಭಣಭಣ. ಶೂಟಿಂಗ್ ಬಂದ್. ಬೆಂಗಳೂರಿನಲ್ಲಿ ಬಸ್ಸುಗಳ ಮೇಲೆ ಕಲ್ಲು ಬಿತ್ತು. ನಮ್ಮದೇ ಬೀದಿಯಲ್ಲಿ ನಮ್ಮ ಜೊತೆಗೇ ಬೆಳೆದ ತಮಿಳು ಮನೆಗಳವರು ಹೆದರಿ ಬಾಗಿಲು ಹಾಕಿಕೊಂಡರು. ಇದನ್ನು ಮುಚ್ಚಿಡಬಾರದು. ಅಭಿಮಾನ ಅಂತ ಹೇಳಿ ಕಲ್ಲು ಎತ್ತಿಕೊಂಡವರಿಗೆ ಆಗಿದ್ದದ್ದು ಬರೀ ಭಯ. ಏನು ಮಾಡಬೇಕೋ ತಿಳಿಯದವನ ಕೈ ಮೊದಲು ಕಲ್ಲಿನ ಕಡೆಗೇ ಹೋಗುತ್ತೆ ನೋಡಿ.

ನಮ್ಮನ್ನು 'ಅಭಿಮಾನಿ ದೇವರುಗಳು' ಅಂತ ಕರೆದವರು ಅವರು. ವೇದಿಕೆ ಹತ್ತಿದಾಗಲೆಲ್ಲ ಕೈಮುಗಿದು ಹಾಗೇ ಅನ್ನುತ್ತಿದ್ದರು. ಈಗ ಭಕ್ತನೇ ಕಾಡಿನಲ್ಲಿದ್ದಾನೆ, ದೇವರುಗಳು ಬಸ್ ಸ್ಟ್ಯಾಂಡಿನಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದೇವೆ! ನಮ್ಮ ಕೈಲಿ ಏನೂ ಆಗುವುದಿಲ್ಲ ಎಂಬುದು ಒಂದೇ ವಾರದಲ್ಲಿ ತಿಳಿದುಹೋಯಿತು. ಆಗ ಈ ದೇವರುಗಳೆಲ್ಲ ಆ ದೇವರ ಹತ್ತಿರ ಓಡಿದೆವು.

ಬೇಡರ ಹುಡುಗನ ಕಣ್ಣು

ಕಾಡು, ಅಣ್ಣಾವ್ರು, ದೇವರು ಅಂದ ತಕ್ಷಣ ನೆನಪಾಗುವುದು ಒಂದೇ ಚಿತ್ರ ಅಲ್ಲವೇ? 1954ರ 'ಬೇಡರ ಕಣ್ಣಪ್ಪ'. ಗುಬ್ಬಿ ಕಂಪೆನಿಯ ನಾಟಕಗಳಲ್ಲಿ ಪಳಗಿದ ಮುತ್ತುರಾಜನಿಗೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು 'ರಾಜ್‌ಕುಮಾರ್' ಎಂದು ಹೆಸರಿಟ್ಟು ನಾಯಕನನ್ನಾಗಿ ಮಾಡಿದ ಚಿತ್ರ. ಮಂತ್ರ ಬರದ, ಮಡಿ ಗೊತ್ತಿಲ್ಲದ ಬೇಡರವನು ಕಣ್ಣಪ್ಪ. ಬೇಟೆಯ ಮಾಂಸವನ್ನೇ ಶಿವನಿಗೆ ನೈವೇದ್ಯ ಇಟ್ಟವನು. ಲಿಂಗದ ಕಣ್ಣಲ್ಲಿ ರಕ್ತ ಸುರಿದಾಗ ತನ್ನ ಕಣ್ಣನ್ನೇ ಕಿತ್ತು ಇಟ್ಟವನು. ಇನ್ನೊಂದು ಕಣ್ಣಲ್ಲೂ ರಕ್ತ! ಅದನ್ನೂ ಕಿತ್ತರೆ ಇಡುವ ಜಾಗ ಕಾಣಬೇಕಲ್ಲ? ಗುರುತಿಗೆ ಕಾಲು ಊರಿಕೊಂಡು ಸಿದ್ಧನಾದ.

ಟೂರಿಂಗ್ ಟಾಕೀಸಿನಲ್ಲಿ ಆ ದೃಶ್ಯ ನೋಡಿ ನಮ್ಮ ಅಪ್ಪಂದಿರು ಅತ್ತಿದ್ದರು. ನಾವು ಟಿವಿಯಲ್ಲಿ ನೋಡಿ ಅತ್ತೆವು. ಇದರಲ್ಲಿ ಒಂದು ವಿಷಯ ಗಮನಿಸಿ. ಶಿವ ಬಂದು ಕೈ ಹಿಡಿಯುತ್ತಾನೆ ಅಂತ ಕಣ್ಣಪ್ಪನಿಗೆ ಗೊತ್ತಿರಲಿಲ್ಲ. ಕಥೆ ಗೊತ್ತಿರುವುದು ನಮಗೆ, ಟಿಕೆಟ್ ತೆಗೆದುಕೊಂಡು ಕುಳಿತವರಿಗೆ. ಒಳಗಿರುವವನಿಗೆ ಕ್ಲೈಮ್ಯಾಕ್ಸ್ ಯಾರು ಹೇಳುತ್ತಾರೆ?

1983ರ 'ಭಕ್ತ ಪ್ರಹ್ಲಾದ'ದಲ್ಲೂ ಅಷ್ಟೇ. ಹಿರಣ್ಯಕಶಿಪುವಾಗಿ ಅಣ್ಣಾವ್ರು ಗರ್ಜಿಸಿದರೆ ಚಿತ್ರಮಂದಿರವೇ ನಡುಗುತ್ತಿತ್ತು. ಎದುರಿಗೆ ನಿಂತವನು ಎಂಟು ವರ್ಷದ ಮಗ, ಆಮೇಲೆ ನಮ್ಮೆಲ್ಲರ ಅಪ್ಪು ಆದ ಪುನೀತ್. ಕಂಬ ಒಡೆಯುತ್ತದೆ ಅಂತ ಯಾರೂ ಪ್ರಹ್ಲಾದನಿಗೆ ಮೊದಲೇ ಹೇಳಿರಲಿಲ್ಲ. ಇದ್ದಾನಾ ಅಂದಾಗ ಇದ್ದಾನೆ ಅಂದ, ಅಷ್ಟೆ.

ಇಷ್ಟು ವರ್ಷ ಇಂಥ ಪಾತ್ರಗಳನ್ನು ಮಾಡಿದ ಮನುಷ್ಯನನ್ನು ವಿಧಿ ಬಣ್ಣವಿಲ್ಲದೆ, ಲೈಟಿಲ್ಲದೆ ಕಾಡಿಗೇ ಕಳಿಸಿತ್ತು!

ಹೂವಿನಜ್ಜಿ

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ಹೂ ಮಾರುತ್ತಿದ್ದಳು. ಸಿನಿಮಾ ಹುಚ್ಚಿಲ್ಲ. ನೋಡಿದ್ದೇ ನಾಲ್ಕೋ ಐದೋ, ಅದೂ ದೇವರ ಚಿತ್ರಗಳು. ಸುದ್ದಿ ಬಂದ ದಿನ ಸಂಜೆ ಒಂದು ಮೊಳ ಹೂ ಅಳೆದು ಪಕ್ಕಕ್ಕಿಟ್ಟಳು. ಯಾರೋ ಕೊಳ್ಳಲು ಹೋದರೆ ಕೊಡಲಿಲ್ಲ. "ಇದು ನಂಜುಂಡಪ್ಪನ್ಗೆ. ಮುತ್ತುರಾಜನ ಹೆಸ್ರಲ್ಲಿ" ಅಂದಳು. ಅವಳ ಬಾಯಲ್ಲಿ ಅವರು ಇನ್ನೂ ಮುತ್ತುರಾಜನೇ!

ನನ್ನ ಗೆಳೆಯನದು ಬೇರೆಯೇ ಲೆಕ್ಕ. ಉರುಳುಸೇವೆ ಹರಕೆ ಹೊತ್ತ. ವಾರದಲ್ಲಿ ಬಿಡಿಸು ಅಂತ ದೇವರಿಗೆ ವಾಯಿದೆ ಕೊಟ್ಟ. ವಾರ ಕಳೆಯಿತು. ಹದಿನೈದು ದಿನ ಕೊಟ್ಟ. ಗಣೇಶನ ಹಬ್ಬ ಬಂತು, ಹೋಯಿತು. ನಕ್ಕೀರನ್ ಗೋಪಾಲ್ ಕಾಡಿಗೆ ಹೋದರು, ಬಂದರು, ಮತ್ತೆ ಹೋದರು. ಪ್ರತಿ ಸಲವೂ ನಮಗೆ 'ಈ ಸಲ ಖಂಡಿತ' ಅನ್ನುವ ಆಸೆ. ಸೆಪ್ಟೆಂಬರ್ ಕೊನೆಯಲ್ಲಿ ಜೊತೆಗಿದ್ದ ನಾಗಪ್ಪ ತಪ್ಪಿಸಿಕೊಂಡು ಬಂದಾಗ ಆಸೆಯ ಬದಲು ಭಯ ಹೆಚ್ಚಾಯಿತು. ಆ ಸಿಟ್ಟನ್ನು ಅವನು ಉಳಿದವರ ಮೇಲೆ ತೀರಿಸಿಕೊಂಡರೆ?

ದಸರಾ ಕಳೆಯಿತು. ಆಗ ಒಂದು ಸಂಜೆ ಗೆಳೆಯ ಸಿಡಿದೇಬಿಟ್ಟ. "ಅಜ್ಜಿ, ನೀನು ದಿನಾ ಹೂ ಕೊಡ್ತೀಯ. ಅವರು ಬರದೇ ಇದ್ರೆ?"

ಅಜ್ಜಿ ದಾರ ಹಲ್ಲಲ್ಲಿ ಕಚ್ಚಿ ಹರಿದಳು. "ಬರ್ದೇ ಇದ್ರೂ ನಾಳಿಕ್ಕೆ ಹೂ ಕಟ್ಬೇಕಲ್ವೇನ್ಲಾ ಮಗ" ಅಂದಳು. ಆಮೇಲೆ ಸುಮ್ಮನೆ ಕಟ್ಟುತ್ತಾ ಕುಳಿತಳು. ಅವನಿಗೆ ಕೋಪ ಬಂತು. ಇದೇನು ಉತ್ತರ ಅಂತ ನನ್ನ ಹತ್ತಿರ ಗೊಣಗಿದ. ನನಗೂ ಆವತ್ತು ಅರ್ಥವಾಗಲಿಲ್ಲ, ನಿಜ ಹೇಳ್ತೀನಿ.

ಇನ್ನೊಬ್ಬ ತಂದೆ

ಈ ಕಥೆಯಲ್ಲಿ ನಾವು ಆಗ ಬಾಯಿಗೆ ಬಂದಂತೆ ಬೈದ ಒಬ್ಬರಿದ್ದಾರೆ. ಅಬ್ದುಲ್ ಕರೀಂ. ನಿವೃತ್ತ ಪೊಲೀಸ್ ಅಧಿಕಾರಿ. ಅವರ ಮಗ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ 1992ರಲ್ಲಿ ವೀರಪ್ಪನ್ ತಂಡದ ಗುಂಡಿಗೆ ಬಲಿಯಾಗಿದ್ದ. ಅಣ್ಣಾವ್ರ ಬಿಡುಗಡೆಗಾಗಿ ಸರ್ಕಾರ ಟಾಡಾ ಕೈದಿಗಳ ಮೇಲಿನ ಕೇಸು ಕೈಬಿಡಲು ಹೊರಟಾಗ ಈ ಮುದುಕ ಒಬ್ಬರೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನವೆಂಬರ್ 7ರಂದು ತೀರ್ಪು ಬಂತು. ಕೇಸು ಕೈಬಿಡುವ ಹಾಗಿಲ್ಲ!

ನಾವು ತಲೆ ಮೇಲೆ ಕೈಹೊತ್ತೆವು. ಮುಗಿಯಿತು ಕಥೆ ಅಂದುಕೊಂಡೆವು. ಆದರೆ ಯೋಚಿಸಿ ಮಿತ್ರರೇ... ನಮ್ಮ ಅಣ್ಣನಿಗಾಗಿ ನಾವು ಬೇಡುತ್ತಿದ್ದ ಹೊತ್ತಿನಲ್ಲೇ, ಹೋದ ಮಗನಿಗೆ ನ್ಯಾಯ ಕೊಡು ಅಂತ ಒಬ್ಬ ತಂದೆಯೂ ಬೇಡುತ್ತಿದ್ದ. ಎರಡು ಕೂಗು, ಕೇಳುವ ಕಿವಿ ಒಂದೇ. ದೇವರು ಯಾರ ಕಡೆ ಅಂತ ಹೇಳಲು ನಮ್ಮಂಥವರಿಗೆ ಯಾವ ಅಧಿಕಾರ? ಆವತ್ತು ಬೈದದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ.

ತೀರ್ಪು ಬಂದು ಎಂಟೇ ದಿನ. ನವೆಂಬರ್ 15, ಬುಧವಾರ, ಅಣ್ಣಾವ್ರು ಬಿಡುಗಡೆಯಾದರು! ಹೇಗೆ, ಯಾವ ಲೆಕ್ಕಕ್ಕೆ ಎಂಬ ಚರ್ಚೆ ಬೇರೆ ಪತ್ರಿಕೆಗಳಿಗಿರಲಿ. ಬಸ್ ಸ್ಟ್ಯಾಂಡಿನಲ್ಲಿ ಪಟಾಕಿ. ಕಂಡಕ್ಟರುಗಳು ಹಾರ್ನ್ ಮಾಡಿಸಿದ್ದೇ ಮಾಡಿಸಿದ್ದು. ಯಾರೋ ದಿನ ಎಣಿಸಿದರು. ನೂರೆಂಟು! ಜಪಮಾಲೆಯ ಮಣಿ ಎಷ್ಟೋ ಅಷ್ಟು. ನನ್ನ ಗೆಳೆಯನಿಗೆ ಅದೇ ಸಾಕಾಯಿತು. "ನೋಡಿದ್ಯಾ? ಲೆಕ್ಕ ಕೇಳು!" ಅಂತ ಸಿಕ್ಕವರಿಗೆಲ್ಲ ಹೇಳಿದ. ಮುಂದಿನ ಸೋಮವಾರ ನಂಜುಂಡೇಶ್ವರನ ಸುತ್ತ ಒದ್ದೆ ಬಟ್ಟೆಯಲ್ಲಿ ಉರುಳಿದ. ಮೊಣಕೈ ತರಚಿ ರಕ್ತ ಬಂದರೂ ನಗುತ್ತಿದ್ದ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಶತದಿನೋತ್ಸವದ ಚಿತ್ರ. ಆದರೆ ಎರಡು ವರ್ಷ ಕಳೆಯುವ ಮೊದಲೇ, 2002ರ ಆಗಸ್ಟ್ 25ರಂದು, ಅದೇ ವೀರಪ್ಪನ್ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಅವರ ಮನೆಯಿಂದ ಹೊತ್ತೊಯ್ದ. ನಮ್ಮ ಸೀಮೆಯವರೇ. ಅವರ ಮನೆಯಲ್ಲೂ ಹೆಂಡತಿ ಮಕ್ಕಳು ದೇವರ ಮುಂದೆ ಕೂತಿದ್ದರು. ಊರೂರಲ್ಲಿ ಪೂಜೆಯಾಯಿತು. ಅಜ್ಜಿ ಮತ್ತೆ ಮೊಳ ಹೂ ಪಕ್ಕಕ್ಕಿಡಲು ಶುರುಮಾಡಿದಳು. ಗೆಳೆಯ ಈ ಸಲ ಧೈರ್ಯವಾಗಿದ್ದ. "ನೂರೆಂಟು ದಿನ ತಡ್ಕೊಳ್ಳಿ" ಅನ್ನುತ್ತಿದ್ದ.

ನೂರೆಂಟು ಆಗಲಿಲ್ಲ. ಡಿಸೆಂಬರ್ 8ರಂದು ಕಾಡಿನಲ್ಲಿ ನಾಗಪ್ಪನವರ ಶವ ಸಿಕ್ಕಿತು.

ಗೆಳೆಯ ಎರಡು ದಿನ ಬಸ್ಸು ಹತ್ತಲಿಲ್ಲ. ಅವನ ಲೆಕ್ಕ ಪೂರ್ತಿ ಒಡೆದುಹೋಗಿತ್ತು. ಅಣ್ಣಾವ್ರಿಗೆ ಒಂದು, ಇವರಿಗೆ ಇನ್ನೊಂದಾ? ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಇದೆ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ.

ಅಣ್ಣಾವ್ರು 2006ರ ಏಪ್ರಿಲ್ 12ರಂದು ಹೋದರು. ಬದುಕಿದ್ದಾಗಲೇ ಬರೆದುಕೊಟ್ಟಿದ್ದಂತೆ ಅವರ ಕಣ್ಣುಗಳನ್ನು ಬೇರೆಯವರಿಗೆ ಕೊಡಲಾಯಿತು. ನಾಯಕನಾದ ಮೊದಲ ಚಿತ್ರದಲ್ಲಿ ಮಾಡಿದ್ದನ್ನು ಕೊನೆಯಲ್ಲಿ ನಿಜ ಮಾಡಿದರು ಪುಣ್ಯಾತ್ಮರು. 2021ರಲ್ಲಿ ನಮ್ಮ ಪ್ರಹ್ಲಾದ ಅಪ್ಪುವೂ ಹೋದಾಗ ಅವನ ಕಣ್ಣೂ ಹಾಗೆಯೇ ಕೊಟ್ಟರು. ಆ ದಿನ ಅಪ್ಪುವಿಗಾಗಿ ಬೇಡಿಕೊಳ್ಳಲೂ ನಮಗೆ ಹೊತ್ತು ಸಿಗಲಿಲ್ಲ.

ಹೂವಿನಜ್ಜಿಯ ವಿಷಯ ಅರ್ಧಕ್ಕೇ ಬಿಟ್ಟೆ. ಡಿಸೆಂಬರಿನ ಆ ಸುದ್ದಿ ಬಂದ ಮರುದಿನ ಬೆಳಿಗ್ಗೆ ನಾವಿಬ್ಬರೂ ಬೇಕೆಂದೇ ಬಸ್ ಸ್ಟ್ಯಾಂಡಿಗೆ ಹೋದೆವು. ಅಜ್ಜಿ ಅದೇ ಜಾಗದಲ್ಲಿ ಗೋಣಿಚೀಲದ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಕಣ್ಣು ಕೆಂಪಾಗಿತ್ತು. ಒಂದು ಮೊಳ ಆಗಲೇ ಪಕ್ಕದಲ್ಲಿತ್ತು. ಇದು ಯಾರ ಹೆಸರಿಗೆ ಅಂತ ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಗೆಳೆಯ ಸ್ವಲ್ಪ ಹೊತ್ತು ನಿಂತಿದ್ದು, ಬಾಳೆಎಲೆಯಲ್ಲಿ ಆ ಹೂ ಸುತ್ತಿಕೊಂಡು, "ನಾನೇ ಕೊಟ್ಟು ಬರ್ತೀನಿ ಬಿಡಜ್ಜಿ" ಅಂತ ಗುಡಿಯ ಕಡೆ ನಡೆದ.