ಹಾಯಿಹಲಗೆಯ ವೇಗಸ್ಪರ್ಧೆಯೂ ಗಾಳಿಯ ಅನಿಯತತ್ವವೂ

ಸಂಸ್ಕೃತ ಕೋಶಕಾರರು ಗಾಳಿಗೆ ಹೇಳಿರುವ ಹೆಸರುಗಳಲ್ಲಿ ‘ಆಶುಗ’ ಎಂಬುದು ವಿಚಾರಾರ್ಹವಾದುದು. ಶೀಘ್ರವಾಗಿ ಹೋಗತಕ್ಕದ್ದು ಎಂಬುದು ಅದರ ಅವಯವಾರ್ಥ. ಅಮರಸಿಂಹನು ನಾನಾರ್ಥವರ್ಗದಲ್ಲಿ ಇದೇ ಶಬ್ದಕ್ಕೆ ವಾಯುವೆಂದೂ ಬಾಣವೆಂದೂ ಎರಡು ಅರ್ಥಗಳನ್ನು ಹೇಳಿರುವನು. ವೇಗವು ಇವೆರಡಕ್ಕೂ ಸಮಾನವಾದ ಧರ್ಮ. ಆದರೆ ಬಾಣಕ್ಕೆ ಬಿಡುವವನೊಬ್ಬನುಂಟು, ಗುರಿಯೊಂದುಂಟು. ಗಾಳಿಗೆ ಇವೆರಡೂ ಇಲ್ಲ. ಗುರಿಯಿಲ್ಲದ ಈ ಗಾಳಿಯನ್ನು ಹಿಡಿದು ಬಾಣದಂತೆ ನೇರವಾಗಿ ಓಡಲೆಳಸುವ ಕ್ರೀಡೆಯೇ ವಿಂಡ್‌ಸರ್ಫಿಂಗ್, ಎಂದರೆ ಹಾಯಿಹಲಗೆಯ ಓಟ. ಅದರ ವೇಗಸ್ಪರ್ಧೆಯಲ್ಲಿ ಸಹಜವಾಗಿಯೇ ಒಂದು ಸಂದೇಹವೇಳುತ್ತದೆ: ಅಳೆದು ಬಂದ ವೇಗವು ಮನುಷ್ಯನದೋ, ಗಾಳಿಯದೋ? ಸ್ಪರ್ಧೆಯ ನಿಯಮಗಳೆಲ್ಲವೂ ಈ ಸಂದೇಹಕ್ಕೆ ಕೊಟ್ಟ ಸಮಾಧಾನಗಳೆಂದು ತಿಳಿಯಬಹುದು.

ಮೊದಲು ಉಪಕರಣದ ಸ್ವರೂಪವನ್ನರಿಯತಕ್ಕದ್ದು. ನೀರಿನ ಮೇಲೆ ತೇಲುವ ಒಂದು ಹಲಗೆ, ಅದಕ್ಕೆ ಎಲ್ಲ ದಿಕ್ಕಿಗೂ ಬಾಗುವ ಕೀಲಿನಿಂದ ಸೇರಿಸಿದ ಕಂಬ, ಕಂಬಕ್ಕೆ ಹಾಯಿ, ಹಿಡಿಯಲು ಅಡ್ಡಗೋಲು, ಹಲಗೆಯ ತಳದಲ್ಲಿ ಮೀನಿನ ರೆಕ್ಕೆಯಂತಹ ಒಂದು ಪಟ್ಟಿ. ದೋಣಿಯ ಕಂಬವು ದೋಣಿಯಲ್ಲಿ ನೆಟ್ಟಿರುವುದು. ಇಲ್ಲಿ ಕಂಬವನ್ನು ನಿಲ್ಲಿಸತಕ್ಕವನು ಸವಾರನೇ. ಚುಕ್ಕಾಣಿಯಿಲ್ಲ; ಹಾಯಿಯನ್ನು ಮುಂದಕ್ಕೂ ಹಿಂದಕ್ಕೂ ವಾಲಿಸುವುದರಿಂದಲೂ ಪಾದಗಳ ಭಾರದಿಂದಲೂ ದಿಕ್ಕು ತಿರುಗುತ್ತದೆ. ಅಮೆರಿಕದ ಹಾಯ್ಲ್ ಷ್ವೈಟ್ಜರ್ ಮತ್ತು ಜಿಮ್ ಡ್ರೇಕ್ ಎಂಬವರು 1968ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಕೋರಿದರು. 1984ರಲ್ಲಿ ಈ ಕ್ರೀಡೆಯು ಒಲಿಂಪಿಕ್ಸಿನಲ್ಲಿ ಸೇರಿತು.

ಗಾಳಿಯ ವೇಗವು ಹೆಚ್ಚಿದಂತೆ ಹಾಯಿಯ ಮೇಲಣ ಬಲವು ಅದೇ ಪ್ರಮಾಣದಲ್ಲಿ ಹೆಚ್ಚುವುದಲ್ಲ, ವೇಗದ ವರ್ಗದಂತೆ ಹೆಚ್ಚುತ್ತದೆ. 12 ನಾಟ್ ಗಾಳಿಯು 18 ನಾಟ್ ಆದಾಗ ವೇಗವು ಒಂದೂವರೆ ಪಾಲಾಯಿತು. ಬಲವಾದರೋ ಎರಡೂಕಾಲು ಪಾಲಾಗುವುದು. (ಗಂಟೆಗೆ 1.852 ಕಿಲೋಮೀಟರು ನಡೆದರೆ ಅದು ಒಂದು ನಾಟ್.) ಆದಕಾರಣ 18 ನಾಟ್ ಗಾಳಿಗೆ ತಕ್ಕ ಹಾಯಿಯನ್ನು ಕಟ್ಟಿಕೊಂಡು ಹೊರಟವನು, ಗಾಳಿಯು 12ಕ್ಕೆ ಇಳಿದೊಡನೆ ತನಗೆ ಬೇಕಾದ ಬಲದಲ್ಲಿ ಅರ್ಧಕ್ಕಿಂತಲೂ ಕಡಮೆಯನ್ನು ಪಡೆಯುವನು. ನೀರಿನ ಮೇಲೆ ಜಾರುತ್ತಿದ್ದ ಹಲಗೆಯು ನೀರಿನೊಳಕ್ಕೆ ಕುಳಿತುಬಿಡುತ್ತದೆ. ದೊಡ್ಡ ಹಾಯಿಯನ್ನು ಕಟ್ಟಿದವನನ್ನಾದರೋ ಬಿರುಗಾಳಿಯು ಎತ್ತಿ ಎಸೆಯುತ್ತದೆ. ಯಾವ ಹಾಯಿಯನ್ನು ಕಟ್ಟಬೇಕೆಂಬ ನಿರ್ಣಯವನ್ನು ದಡದಲ್ಲಿಯೇ ಮಾಡಬೇಕು. ಗಾಳಿಯಾದರೋ ನೀರಿನ ನಡುವೆ ತನ್ನ ಮನಸ್ಸನ್ನು ಬದಲಿಸುವುದು.

ಈ ಚಾಂಚಲ್ಯವನ್ನು ಕಾಣಲು ದೂರದೇಶಕ್ಕೆ ಹೋಗಬೇಕಾದುದಿಲ್ಲ. ಕುಪ್ಪಳ್ಳಿಯಿರುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ಅಂಬುತೀರ್ಥವೆಂಬ ಸ್ಥಳದಲ್ಲಿ ಶರಾವತಿಯು ಹುಟ್ಟುತ್ತದೆ. ರಾಮನ ಬಾಣದಿಂದ ಚಿಮ್ಮಿದ ನೀರೆಂಬುದು ಐತಿಹ್ಯ. ಕನ್ನಡದಲ್ಲಿ ಅಂಬು ಬಾಣ, ಸಂಸ್ಕೃತದಲ್ಲಿ ನೀರು. ಎರಡರ್ಥವೂ ಇಲ್ಲಿ ಹೊಂದುವುದು ವಿನೋದಕರವಾಗಿದೆ. ಈ ನದಿಗೆ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಿನ್ನೀರು ಸಾಗರ ಹೊಸನಗರಗಳ ಕಣಿವೆಗಳಲ್ಲಿ ಹರಡಿ, ಊರುಗಳನ್ನೂ ಕಾಡನ್ನೂ, 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟನ್ನೂ ಮುಳುಗಿಸಿತು. ಗುಡ್ಡಗಳ ನೆತ್ತಿಗಳು ದ್ವೀಪಗಳಾದುವು. ಈ ಹಿನ್ನೀರಿನ ದಡದ ಹೊನ್ನೆಮರಡು ಎಂಬ ಊರು ಹರಿಗೋಲು, ಕಯಾಕ್, ಹಾಯಿಹಲಗೆ ಮೊದಲಾದ ಜಲಕ್ರೀಡೆಗಳ ಕಲಿಕೆಗೆ ಹೆಸರಾಯಿತು.

ಇಂತಹ ನೀರಿನಲ್ಲಿ ಗಾಳಿಯು ಏಕರೂಪವಾಗಿರಲಾರದು. ಮೊದಲನೆಯ ಕಾರಣ ಗುಡ್ಡಗಳು. ಗುಡ್ಡವನ್ನು ದಾಟಿದ ಗಾಳಿಯು ಹಿಂಬದಿಯಲ್ಲಿ ಸುಳಿಗಳಾಗಿ ಒಡೆಯುತ್ತದೆ. ಅಲ್ಲಿ ಒಂದು ಗಳಿಗೆ ನಿಶ್ಶಬ್ದ, ಮರುಗಳಿಗೆ ಹೊಡೆತ. ಎರಡು ಗುಡ್ಡಗಳ ನಡುವಣ ಕಂಡಿಯಲ್ಲಿ ಅದೇ ಗಾಳಿಯು ಒತ್ತಿಹಿಡಿದಂತಾಗಿ ಬಲಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ನಿಂತವನ ಉತ್ತರೀಯವು ಹಾರುತ್ತಿರುವಾಗ ಕೆಳಗಣ ಅಡಕೆಯ ತೋಟದಲ್ಲಿ ಸೋಗೆಯೂ ಅಲುಗದಿರುವುದನ್ನು ಮಲೆನಾಡಿನವರೆಲ್ಲರೂ ಬಲ್ಲರು. ಎರಡನೆಯ ಕಾರಣ ಬಿಸಿಲು. ಹಗಲು ನೆಲವು ನೀರಿಗಿಂತ ಬೇಗ ಕಾಯುತ್ತದೆ, ಇರುಳು ಬೇಗ ಆರುತ್ತದೆ. ಇದರಿಂದ ಗಾಳಿಯ ದಿಕ್ಕೇ ಹೊರಳುವುದುಂಟು. ಮೂರನೆಯದು ಮುಂಗಾರಿಗೆ ಮುಂಚಿನ ಗುಡುಗುಮಳೆ. ಮೋಡದಿಂದ ಇಳಿದ ತಂಪುಗಾಳಿಯು ಮಳೆಗಿಂತ ಮುಂದಾಗಿ ನೆಲದ ಮೇಲೆ ಹರಡಿ, ಕನ್ನಡಿಯಂತಿದ್ದ ನೀರನ್ನು ಕೆಲವೇ ನಿಮಿಷಗಳಲ್ಲಿ ಕಲಕುವುದು. ಆದುದರಿಂದ ಇದು ಕಲಿಯುವವನಿಗೆ ಒಳ್ಳೆಯ ಗುರು, ದಾಖಲೆಯನ್ನು ಬಯಸುವವನಿಗೆ ಕಠಿನನಾದ ಯಜಮಾನ.

ದಾಖಲೆಯನ್ನು ಬಯಸಿದವರು ಗಾಳಿಯು ತಪ್ಪದ ಸ್ಥಳವನ್ನೇ ಹುಡುಕಿದರು. ನೈರುತ್ಯ ಆಫ್ರಿಕದ ನಮೀಬಿಯ ದೇಶದ ಲೂಡೆರಿಟ್ಸ್ ಎಂಬಲ್ಲಿ ಮರುಭೂಮಿಯ ಕಡೆಯಿಂದ ಬಲವಾದ ಗಾಳಿ ಬೀಸುತ್ತದೆ. ಅಲ್ಲಿ ಅಲೆಯೇಳದಂತೆ ಉದ್ದನೆಯ ಕಾಲುವೆಯನ್ನು ತೋಡಿದರು. ಫ್ರಾನ್ಸಿನ ಆಂತ್ವಾನ್ ಆಲ್ಬೋ ಎಂಬವನು 2015ರಲ್ಲಿ ಅಲ್ಲಿ 500 ಮೀಟರುಗಳ ಸರಾಸರಿಯಾಗಿ 53.27 ನಾಟ್ ವೇಗವನ್ನು ಸಾಧಿಸಿದನು. ಎಂದರೆ ಗಂಟೆಗೆ ಸುಮಾರು 98.7 ಕಿಲೋಮೀಟರು. ಅಷ್ಟು ದೂರಕ್ಕೆ ಹಿಡಿದ ಕಾಲ ಸುಮಾರು 18 ಸೆಕೆಂಡು. 500 ಮೀಟರುಗಳ ನಿಯಮಕ್ಕೆ ಅರ್ಥವಿದೆ: ಗಾಳಿಯ ಒಂದು ಹೊಡೆತವು ಕ್ಷಣಮಾತ್ರ ಎತ್ತಿ ನೂಕಿದರೆ ಅದು ಸಾಲದು, ಹೊಡೆತದ ಮುಂಚೆಯೂ ಅನಂತರವೂ ವೇಗವನ್ನು ಉಳಿಸಿಕೊಂಡವನಿಗೆ ಮಾತ್ರ ಫಲ.

ಹವ್ಯಾಸಿಗಳಿಗೆ ಮರುಭೂಮಿಯೂ ಇಲ್ಲ, ಕಾಲುವೆಯೂ ಇಲ್ಲ. ಉದ್ಯೋಗದ ನಡುವೆ ದೊರೆತ ಬಿಡುವೇ ಅವರ ಪಾಲಿನ ಗಾಳಿ. ನಿಶ್ಚಿತವಾದ ದಿನದಲ್ಲಿ ಎಲ್ಲರೂ ಒಂದೆಡೆ ಕೂಡಿದರೆ ಅಂದು ಗಾಳಿಯೇ ಬಾರದಿರಬಹುದು. ಈ ತೊಡಕನ್ನು ಬಿಡಿಸಿದುದು ಜಿ.ಪಿ.ಎಸ್. ಯಂತ್ರ. ಉಪಗ್ರಹಗಳ ಸಂಕೇತಗಳಿಂದ ವೇಗವನ್ನು ಲೆಕ್ಕಿಸುವ ಈ ಚಿಕ್ಕ ಯಂತ್ರವನ್ನು ತೋಳಿಗೆ ಕಟ್ಟಿಕೊಂಡು, 21ನೆಯ ಶತಮಾನದ ಮೊದಲ ದಶಕದಿಂದ ಹವ್ಯಾಸಿಗಳು ತಮ್ಮ ತಮ್ಮ ನೀರಿನಲ್ಲಿ, ಗಾಳಿ ಬಂದ ದಿನ ಓಡಿ, ಫಲಗಳನ್ನು ಹೋಲಿಸಿಕೊಳ್ಳತೊಡಗಿದರು. ಅವರಲ್ಲಿ ಪ್ರಸಿದ್ಧವಾದ ಅಳತೆಯೊಂದು, ಹತ್ತು ಹತ್ತು ಸೆಕೆಂಡುಗಳ ಐದು ಉತ್ತಮ ಓಟಗಳ ಸರಾಸರಿ. 30 ನಾಟ್ ವೇಗದಲ್ಲಿ ಹತ್ತು ಸೆಕೆಂಡಿಗೆ ಸುಮಾರು 154 ಮೀಟರು ಮಾತ್ರ ಸಾಗುವುದರಿಂದ ಚಿಕ್ಕ ಕೆರೆಯೂ ಸಾಕಾಗುತ್ತದೆ. ಒಂದು ಓಟದಲ್ಲಿ ಅದೃಷ್ಟದ ಗಾಳಿ ದೊರೆಯಬಹುದು. ಐದರಲ್ಲಿಯೂ ದೊರೆಯುವುದು ಅಪೂರ್ವ. ಹೀಗೆ ಗಾಳಿಯ ದಾನವು ಐದರಲ್ಲಿ ಹಂಚಿಹೋಗಿ, ಮನುಷ್ಯನ ಅಭ್ಯಾಸವು ಮೇಲೆ ನಿಲ್ಲುತ್ತದೆ.

ಆದರೆ ಯಂತ್ರವು ಅಳೆಯಲಾರದುದೊಂದುಂಟು, ಅದು ವಿವೇಕ. ಇನ್ನೊಂದು ಓಟವೆಂಬ ಆಸೆಯಿಂದ ಕಪ್ಪುಮೋಡದ ಕೆಳಗೆ ನಡುನೀರಿಗೆ ಹೋದವನ ಹಾಯಿಯು ಗಾಳಿಯು ಸತ್ತಾಗ ನಿಷ್ಪ್ರಯೋಜಕ, ಗಾಳಿಯು ಕೆರಳಿದಾಗ ಅಪಾಯಕರ. ಮುಳುಗಿದ ಕಾಡಿನ ಮೋಟುಮರಗಳಿರುವ ಹಿನ್ನೀರಿನಲ್ಲಿ ಈ ಅಪಾಯವು ಇಮ್ಮಡಿ. ನೀರಿನ ಮಟ್ಟ ಇಳಿದಂತೆ ನಿನ್ನೆಯ ಸುರಕ್ಷಿತವಾದ ದಾರಿಯು ಇಂದು ಹಲಗೆಯ ತಳದ ಪಟ್ಟಿಯನ್ನು ಮುರಿಯಬಹುದು. ತೇಲುವ ಕವಚವನ್ನು ಧರಿಸುವುದು, ಒಂಟಿಯಾಗಿ ಹೋಗದಿರುವುದು, ದಡದತ್ತ ಮರಳುವಷ್ಟು ಗಾಳಿಯಿರುವಾಗಲೇ ಮರಳುವುದು, ಹಾಯಿಯು ಕೆಲಸಕ್ಕೆ ಬಾರದಾದಾಗಲೂ ಹಲಗೆಯನ್ನು ಬಿಟ್ಟು ಈಜಲು ಹೋಗದಿರುವುದು, ಇವು ಸ್ಪರ್ಧೆಯ ನಿಯಮಗಳಿಗಿಂತ ಹಿರಿಯವಾದ ನಿಯಮಗಳು.

ಮೊದಲಿನ ಸಂದೇಹಕ್ಕೆ ಈಗ ಉತ್ತರವನ್ನು ಹೇಳಬಹುದು. ಬಲವು ಗಾಳಿಯದು, ಅದನ್ನು ವೇಗವನ್ನಾಗಿ ಮಾರ್ಪಡಿಸಿದ ಕೌಶಲವು ಮನುಷ್ಯನದು, ಇವೆರಡನ್ನು ಬೇರ್ಪಡಿಸುವ ಕೆಲಸವು ಅಳತೆಯ ನಿಯಮದ್ದು. ಗಾಳಿಯು ನಿಯತವಾಗಿದ್ದಿದ್ದರೆ ಈ ನಿಯಮಗಳ ಅಗತ್ಯವಿರುತ್ತಿರಲಿಲ್ಲ; ಕಾಯುವ ತಾಳ್ಮೆಯೂ ಹಿಂದಿರುಗುವ ವಿವೇಕವೂ ಹುಟ್ಟುತ್ತಿರಲಿಲ್ಲ. ಬಾಣವನ್ನು ಬಿಡುವವನು ಧನುಸ್ಸನ್ನು ಬಲ್ಲವನಾದರೆ ಸಾಕು. ಹಾಯಿಯನ್ನು ಹಿಡಿಯುವವನು ಬಾಣವನ್ನು ಬಿಡದಿರುವ ಹೊತ್ತನ್ನೂ ಬಲ್ಲವನಾಗಿರಬೇಕು.