ಹಿಂಬ್ರೇಕಿನ ತಕ್ಕಡಿ

ಗಾಡಿಯನ್ನು ಎತ್ತರಿಸಿದ ಮೇಲೆ ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ ಎಂಬುದು 1980–90ರ ದಶಕಗಳ ಫೋರ್ ವೀಲ್ ಡ್ರೈವ್ ಟೊಯೋಟಾ ಪಿಕಪ್ ಇಟ್ಟುಕೊಂಡವರ ಹಳೆಯ ದೂರು. ಅಮೆರಿಕದಲ್ಲಿ ಬರೀ ‘ಪಿಕಪ್’, ಬೇರೆಡೆ ‘ಹೈಲಕ್ಸ್’ ಎಂಬ ಹೆಸರಿನ ಈ ಗಾಡಿಯ ಚಾಸಿಯ ಹಿಂಭಾಗದಲ್ಲಿ ಹೊರೆ ನೋಡಿ ಬ್ರೇಕ್ ಹಂಚುವ ವಾಲ್ವ್ ಇದೆ. ಅದರಿಂದ ಹೊರಟ ಉದ್ದನೆಯ ಸರಳು ಹಿಂದಿನ ಆಕ್ಸಲ್‌ಗೆ ಸೇರುತ್ತದೆ. ಹೊರೆ ತುಂಬಿದಾಗ ಚಾಸಿ ಕುಸಿದು ಆಕ್ಸಲ್‌ಗೆ ಹತ್ತಿರವಾಗುತ್ತದೆ. ಸರಳು ವಾಲ್ವನ್ನು ತಳ್ಳಿ ಹಿಂದಿನ ಚಕ್ರಗಳಿಗೆ ಹೆಚ್ಚು ಒತ್ತಡ ಬಿಡಿಸುತ್ತದೆ. ಬಹಳ ಜಾಣ ಏರ್ಪಾಡು. ಆದರೆ ವಾಲ್ವ್ ತೂಕವನ್ನು ಊಹಿಸುವುದು ಈ ಅಂತರದಿಂದಲೇ. ಕಲ್ಲುದಾರಿಗೆಂದು ಸ್ಪ್ರಿಂಗ್ ಬದಲಿಸಿ ನಾಲ್ಕು ಇಂಚು ಎತ್ತಿಸಿದರೆ, ತುಂಬಿದ ಗಾಡಿಯೂ ಅದರ ಲೆಕ್ಕದಲ್ಲಿ ಖಾಲಿ ಗಾಡಿ.

ಇಷ್ಟು ತಿಳಿದೊಡನೆ ಎಲ್ಲರೂ ವಾಲ್ವಿಗೇ ಕೈಹಾಕುತ್ತಾರೆ. ಅದನ್ನು ಕೊನೆಗೆ ವಿಚಾರಿಸಬೇಕು ಎಂಬುದು ನನ್ನ ವಾದ. ಈ ಗಾಡಿಯ ಹಿಂದಿನ ಡ್ರಮ್ಮುಗಳಲ್ಲಿ ಶೂಗಳು ಸವೆದಂತೆ ಅಂತರ ಸರಿಪಡಿಸಿಕೊಳ್ಳುವುದು ಹ್ಯಾಂಡ್‌ಬ್ರೇಕ್ ಎಳೆದಾಗ. ಚಕ್ರದ ಹಿಂದಿನ ತಟ್ಟೆಯ ಮೇಲೆ, ಕೇಬಲ್ಲಿನ ಎಳೆತವನ್ನು ಒಳಗೆ ತಿರುಗಿಸುವ ಪುಟ್ಟ ಬೆಲ್‌ಕ್ರ್ಯಾಂಕ್ ಇದೆ. ಕೆಸರು, ನೀರು ತಿಂದು ತುಕ್ಕಿನಿಂದ ಅದು ಕಚ್ಚಿಕೊಳ್ಳುತ್ತದೆ. ಗೇರಿನಲ್ಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಮುಟ್ಟದವರ ಗಾಡಿಯಲ್ಲಂತೂ ಶೂಗಳು ದೂರವೇ ಉಳಿಯುತ್ತವೆ. ಪೆಡಲನ್ನು ಎರಡು ಸಲ ಬೇಗಬೇಗ ತುಳಿದಾಗ ಮೇಲೆದ್ದು ಗಟ್ಟಿಯಾದರೆ ಮೊದಲ ಸಂಶಯ ಇಲ್ಲೇ. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿಯಿದೆ. ವಾಲ್ವಿಗೂ ತನ್ನದೇ ಬ್ಲೀಡರ್ ಇರುವುದನ್ನು ಮರೆತು ಚಕ್ರಗಳಿಂದಷ್ಟೇ ಏರ್ ತೆಗೆದವರು ಬಹಳ. ಒಂದೇ ಚಕ್ರ ಸೋತಿದ್ದರೆ ಆಕ್ಸಲ್ ಸೀಲ್ ಸೋರಿ ಶೂ ಎಣ್ಣೆ ಕುಡಿದಿರಬಹುದು. ಇವೆಲ್ಲ ಸರಿಯಿದ್ದ ಮೇಲೆ ಮುಂದೆ ಒಂದು, ಹಿಂದೆ ಒಂದು ಪ್ರೆಶರ್ ಗೇಜ್ ಕಟ್ಟಿ ಪೆಡಲ್ ತುಳಿದರೆ ವಾಲ್ವಿನ ನಿಜಸ್ಥಿತಿ ಕಣ್ಣಿಗೇ ಕಾಣುತ್ತದೆ.

ಇಷ್ಟೆಲ್ಲ ಏಕೆ, ಕಿತ್ತೆಸೆದು ಪೈಪನ್ನು ನೇರ ಜೋಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಮೊದಲು ಲಾಕ್ ಆದರೆ ಗಾಡಿ ಗಿರಕಿ ಹೊಡೆಯುತ್ತದೆ. ಮೇಲಾಗಿ, ಮುಂದಿನ ಬ್ರೇಕ್ ಲೈನ್ ಒಡೆದರೆ ಹಿಂದಕ್ಕೆ ಪೂರ್ತಿ ಒತ್ತಡ ಬಿಡುವ ಕೆಲಸವೂ ಈ ವಾಲ್ವಿನದೇ. ಕೈಯಿಂದ ತಿರುಗಿಸಿ ಹೊಂದಿಸುವ ವಾಲ್ವ್ ಕೂರಿಸುವವರ ಮಾತಿನಲ್ಲಿ ಹುರುಳಿದೆ, ಆದರೆ ಸದಾ ಒಂದೇ ಹೊರೆ ಹೊರುವ ಗಾಡಿಗೆ ಮಾತ್ರ. ಉಳಿದವರಿಗೆ ಗಾಡಿ ಎಷ್ಟು ಎತ್ತರವಾಗಿದೆಯೋ ಅಷ್ಟೇ ಸರಳಿನ ಆಕ್ಸಲ್ ತುದಿಯನ್ನೂ ಏರಿಸುವ ಬ್ರ್ಯಾಕೆಟ್ ಸಾಕು. ಆಮೇಲೆ ಜನರಿಲ್ಲದ ಸಮತಟ್ಟು ಬಯಲಿನಲ್ಲಿ, ಖಾಲಿ ಗಾಡಿಯಲ್ಲಿ, ನಿಧಾನ ವೇಗದಿಂದ ಶುರುಮಾಡಿ ಪರೀಕ್ಷಿಸಬೇಕು. ಮುಂದಿನ ಚಕ್ರಗಳೇ ಮೊದಲು ಲಾಕ್ ಆಗಬೇಕು. ಹಿಂದಿನವು ಮುಂಚೆ ನಿಂತರೆ ಸರಳನ್ನು ಕೊಂಚ ಇಳಿಸಿ ಮತ್ತೆ ನೋಡಬೇಕು.