ಕೀಲಿ ಕೊಡುವ ಮುನ್ನ: ಹದಿಹರೆಯದ ಮಕ್ಕಳಿಗೆ ಟ್ರ್ಯಾಕ್ಟರ್, ಟಿಲ್ಲರ್ ಕಲಿಸುವ ಕ್ರಮ



ಈ ಪುಟದಲ್ಲಿ ತಾವು ಸಾಮಾನ್ಯವಾಗಿ ಕೆಚ್ಚಲು ಬಾವು, ಬೆದೆಯ ಲಕ್ಷಣ, ಖನಿಜ ಮಿಶ್ರಣ, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ಓದುತ್ತೀರಿ. ಈ ಬಾರಿ ರಾಸುಗಳ ವಿಷಯವನ್ನು ಸ್ವಲ್ಪ ಬದಿಗಿಟ್ಟು, ರಾಸುಗಳಿಗೆ ಮೇವು ಹೊತ್ತು ತರುವ ಯಂತ್ರದ ಬಗ್ಗೆ ಹಾಗೂ ಅದರ ಸೀಟಿನ ಮೇಲೆ ಕೂರುವ ನಮ್ಮ ಮಕ್ಕಳ ಬಗ್ಗೆ ಬರೆಯುತ್ತಿದ್ದೇನೆ. ಇದೂ ಹೈನುಗಾರಿಕೆಯ ವಿಷಯವೇ ಎಂಬುದು ಓದಿ ಮುಗಿಸುವಷ್ಟರಲ್ಲಿ ತಮಗೆ ಮನವರಿಕೆಯಾದೀತು.

ಕೆಂಗೇರಿ, ರಾಮೋಹಳ್ಳಿ, ಸೂಲಿಕೆರೆ, ತಾವರೆಕೆರೆ ಕಡೆಯ ಊರುಗಳಲ್ಲಿ ಈಗ ಎತ್ತಿನ ಗಾಡಿ ಅಪರೂಪ. ನೇಪಿಯರ್ ಹುಲ್ಲು, ಮುಸುಕಿನ ಜೋಳ, ರಾಗಿ ಹುಲ್ಲು ಎಲ್ಲವೂ ಬರುವುದು ಟ್ರ್ಯಾಕ್ಟರ್ ಇಲ್ಲವೇ ಪವರ್ ಟಿಲ್ಲರ್‌ನಲ್ಲಿ. ಬೆಳಿಗ್ಗೆ ಹಾಲು ಕರೆದು ಸಂಘಕ್ಕೆ ಹಾಕಿ, ತಂದೆ ಬೇರೆ ಕೆಲಸಕ್ಕೆ ಹೋದರೆ ಮೇವು ತರುವ ಕೆಲಸ ಹೈಸ್ಕೂಲು ಓದುವ ಮಗನ ಪಾಲಿಗೆ ಬರುತ್ತದೆ. ಅವನು ಕಲಿತದ್ದು ಎಲ್ಲಿ? ತಂದೆಯ ಪಕ್ಕದಲ್ಲಿ ಮಡ್‌ಗಾರ್ಡ್ ಮೇಲೆ ಕೂತು ನೋಡಿ. "ಯಾರೂ ಹೇಳಿಕೊಡಲಿಲ್ಲ, ತಾನೇ ಕಲಿತ" ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಈ ಹೆಮ್ಮೆಯೇ ಅಪಾಯದ ಮೂಲ.

ನಾನು ಕಂಡ ಒಂದು ಸಂಜೆ

ಕೆಲವು ವರ್ಷಗಳ ಹಿಂದೆ ಕೆಂಗೇರಿ ಆಚೆಯ ಒಂದು ಹಳ್ಳಿಗೆ ಹಾಲು ಜ್ವರದ ಹಸುವಿನ ಚಿಕಿತ್ಸೆಗೆ ಹೋಗಿದ್ದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ಹಸು ಎದ್ದು ನಿಂತಿತು. ಮನೆಯವರಿಗೆ ಸಂತೋಷವೋ ಸಂತೋಷ. ನನ್ನ ಬೈಕು ರಸ್ತೆಯಲ್ಲಿ ಕೆಟ್ಟು ನಿಂತಿದ್ದರಿಂದ, ರೈತರು ತಮ್ಮ 14 ವರ್ಷದ ಮಗನಿಗೆ "ಡಾಕ್ಟರನ್ನು ಟಿಲ್ಲರ್‌ನಲ್ಲಿ ರಸ್ತೆಯವರೆಗೆ ಬಿಟ್ಟು ಬಾ" ಎಂದರು. ನಾನೂ ಔಷಧಿ ಚೀಲ ಹಿಡಿದು ಟ್ರೈಲರ್ ಹತ್ತಿ ಕುಳಿತೆ.

ಸಮತಟ್ಟಾದ ದಾರಿಯಲ್ಲಿ ಹುಡುಗ ಬಹಳ ಚೆನ್ನಾಗಿ ಓಡಿಸಿದ. ಕೆರೆ ಏರಿಯಿಂದ ಇಳಿಯುವಾಗ ದಾರಿ ಎಡಕ್ಕೆ ತಿರುಗುತ್ತಿತ್ತು. ಅವನು ಎಂದಿನಂತೆ ಎಡಗೈ ಹಿಡಿಯ ಕ್ಲಚ್ಚನ್ನು ಒತ್ತಿದ. ಟಿಲ್ಲರ್ ಬಲಕ್ಕೆ ತಿರುಗಿತು. ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಒತ್ತಿದ. ಯಂತ್ರ ಇನ್ನೂ ಬಲಕ್ಕೆ ಹೋಗಿ ಹಳ್ಳಕ್ಕೆ ಇಳಿಯಿತು. ನಾನು ಹಾರಿಕೊಂಡೆ. ಹುಡುಗನ ಎಡಗಾಲು ಟ್ರೈಲರ್ ಕೆಳಗೆ ಸಿಕ್ಕಿ ಮೂಳೆ ಮುರಿಯಿತು.

ಅವನು ತಪ್ಪು ಮಾಡಲಿಲ್ಲ. ತನಗೆ ಗೊತ್ತಿದ್ದುದನ್ನೇ ಮಾಡಿದ. ಸಮತಟ್ಟು ನೆಲದಲ್ಲಿ ಎಡ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಇಂಜಿನ್ ಶಕ್ತಿ ನಿಂತು, ಬಲ ಚಕ್ರ ಮುಂದೆ ಹೋಗಿ ಯಂತ್ರ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಭಾರ ಯಂತ್ರವನ್ನು ತಳ್ಳುತ್ತಿರುತ್ತದೆ. ಆಗ ಚಕ್ರಗಳನ್ನು ತಡೆದು ಹಿಡಿದಿರುವುದೇ ಇಂಜಿನ್. ಎಡ ಕ್ಲಚ್ ಒತ್ತಿದರೆ ಎಡ ಚಕ್ರ ಆ ಹಿಡಿತದಿಂದ ಬಿಡುಗಡೆಯಾಗಿ ವೇಗವಾಗಿ ಉರುಳುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ. ಆದ್ದರಿಂದ ಟಿಲ್ಲರ್ ಇಳಿಯುವಾಗ ತಿರುಗಿಸುವ ಕ್ಲಚ್ಚನ್ನು ಮುಟ್ಟದೆ, ಮೊದಲೇ ಸಣ್ಣ ಗೇರಿಗೆ ಹಾಕಿ, ಹಿಡಿಯನ್ನು ಕೈಬಲದಿಂದಲೇ ತಿರುಗಿಸಬೇಕು. ಈ ಒಂದು ಮಾತನ್ನು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ನೋಡಿ ಕಲಿಯಬಹುದಾದ ಸಂಗತಿ ಇದಲ್ಲ.

ಆ ತಂದೆಯನ್ನು ನಾನು ದೂರಲಾರೆ. ಪದವಿ ಪಡೆದ ನಾನೇ "ಇವನಿಗೆ ಎಷ್ಟು ವಯಸ್ಸು, ಇಳಿಜಾರಿನಲ್ಲಿ ಓಡಿಸಿ ಗೊತ್ತೇ" ಎಂದು ಕೇಳದೆ ಹತ್ತಿ ಕುಳಿತವನು. ಈ ಲೇಖನಕ್ಕೆ ಅದೇ ಕಾರಣ.

ಟ್ರ್ಯಾಕ್ಟರ್ ಏಕೆ ಮಗುಚುತ್ತದೆ?

ಟ್ರ್ಯಾಕ್ಟರ್‌ನ ಭಾರ ನೆಲದಿಂದ ಎತ್ತರದಲ್ಲಿರುತ್ತದೆ. ವೇಗವಾಗಿ ತಿರುಗಿಸಿದರೆ ಪಕ್ಕಕ್ಕೆ ಉರುಳುತ್ತದೆ. ವೇಗ ಎರಡು ಪಟ್ಟಾದರೆ ಉರುಳಿಸುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಿ.

ಇನ್ನೊಂದು ವಿಧ ಹಿಂದಕ್ಕೆ ಮಗುಚುವುದು. ಭಾರದ ಸರಪಳಿಯನ್ನು ಕೆಳಗಿನ ಡ್ರಾಬಾರ್‌ಗೆ ಕಟ್ಟದೆ ಆಕ್ಸಲ್ಲಿಗೋ ಮೇಲಿನ ಕೊಂಡಿಗೋ ಕಟ್ಟಿದರೆ, ಅಥವಾ ಕೆಸರಿನಲ್ಲಿ ಹೂತ ಚಕ್ರಕ್ಕೆ ಮರದ ತುಂಡು ಕೊಟ್ಟು ಮುಂದಕ್ಕೆ ಎಳೆದರೆ, ಮುಂಭಾಗ ಮೇಲೇಳುತ್ತದೆ. ಪೂರ್ತಿ ಮಗುಚಲು ಒಂದೂವರೆ ಸೆಕೆಂಡು ಸಾಕು. ಅನುಭವಸ್ಥರಿಗೂ ಕ್ಲಚ್ ಒತ್ತಲು ಸಮಯ ಸಿಗುವುದಿಲ್ಲ. ಹೂತ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯಲು ಪ್ರಯತ್ನಿಸಬೇಕು, ಇಲ್ಲವೇ ಬೇರೆ ಟ್ರ್ಯಾಕ್ಟರ್‌ನಿಂದ ಎಳೆಸಬೇಕು. ಇದು ಮಕ್ಕಳ ಕೆಲಸವಲ್ಲ.

ಸ್ವೀಡನ್ ದೇಶದಲ್ಲಿ 1959ರಿಂದ ಹೊಸ ಟ್ರ್ಯಾಕ್ಟರ್‌ಗಳಿಗೆ ಚಾಲಕನನ್ನು ಕಾಪಾಡುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿದರು. ಮುಂದೆ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹಳ ಕಡಿಮೆಯಾಯಿತು. ನಮ್ಮಲ್ಲಿನ ಬಹುಪಾಲು ಟ್ರ್ಯಾಕ್ಟರ್‌ಗಳಲ್ಲಿ ಈ ಚೌಕಟ್ಟು ಇಲ್ಲ. ಬಿಸಿಲಿಗೆ ಹಾಕಿಸಿದ ತಗಡಿನ ಚಾವಣಿ ಆ ಕೆಲಸ ಮಾಡದು. ಆದ್ದರಿಂದ ನಮ್ಮ ಮಕ್ಕಳಿಗೆ ಇರುವ ರಕ್ಷಣೆ ಸರಿಯಾದ ಕಲಿಕೆಯೊಂದೇ.

ಹಂತ ಹಂತವಾಗಿ ಕಲಿಸಿ

ಕರುವಿಗೆ ಮೊದಲು ಗಿಣ್ಣು ಹಾಲು, ನಂತರ ಹಾಲು, ಆಮೇಲೆ ಕರುಗಳ ಆಹಾರ, ಕೊನೆಗೆ ಹುಲ್ಲು ಕೊಡುತ್ತೇವೆ. ಹುಟ್ಟಿದ ವಾರಕ್ಕೇ ಒಣ ಹುಲ್ಲು ಹಾಕಿದರೆ ಕರು ಉಳಿಯದು. ಯಂತ್ರದ ಕಲಿಕೆಗೂ ಇದೇ ಕ್ರಮ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯವೂ ನಮ್ಮಂತೆ ಹೈನುಗಾರರ ನಾಡು. ಅಲ್ಲಿನ ಮಾರ್ಷ್‌ಫೀಲ್ಡ್ ಕೇಂದ್ರದ ತಜ್ಞರು 1999ರಲ್ಲಿ ರೈತ ಮಕ್ಕಳ ಕೆಲಸಗಳಿಗೆ ಮಾರ್ಗಸೂಚಿ ಹೊರತಂದರು. ಅದರ ತಿರುಳು, ವಯಸ್ಸನ್ನಷ್ಟೇ ನೋಡದೆ ಈ ಮಗುವಿಗೆ ಈ ಕೆಲಸದ ಶಕ್ತಿ ಬಂದಿದೆಯೇ ಎಂದು ತಂದೆ ತಾಯಿ ಪರೀಕ್ಷಿಸಬೇಕೆಂಬುದು. ಬೆನ್ನು ಸೀಟಿಗೆ ತಾಗಿದಂತೆ ಕೂತಾಗ ಕಾಲು ಪೆಡಲನ್ನು ಪೂರ್ತಿ ಒತ್ತುವುದೇ? ಹೇಳಿದ ಕೆಲಸಗಳನ್ನು ಕ್ರಮ ತಪ್ಪದೆ ಮಾಡುವನೇ? ಸ್ನೇಹಿತರ ಎದುರು ಹುಮ್ಮಸ್ಸು ತೋರಿಸುವ ಸ್ವಭಾವವೇ? ಇದನ್ನು ತಮಗಿಂತ ಚೆನ್ನಾಗಿ ಬಲ್ಲವರಿಲ್ಲ. 14 ತುಂಬದ ಮಕ್ಕಳನ್ನು ಮಾತ್ರ ಸೀಟಿನಲ್ಲಿ ಕೂರಿಸಲೇಬೇಡಿ ಎಂಬುದು ನನ್ನ ಸಲಹೆ.

1. ಕೀಲಿ ಇಲ್ಲದ ಪಾಠ: ಮೊದಲ ವಾರ ಇಂಜಿನ್ ಚಾಲೂ ಮಾಡಬೇಡಿ. ಎಣ್ಣೆ, ನೀರು, ಟೈರಿನ ಗಾಳಿ, ನಟ್ಟುಗಳನ್ನು ನೋಡುವುದನ್ನು ಕಲಿಸಿ. ಪ್ರತಿಯೊಂದು ಲಿವರ್ ಏನು ಮಾಡುತ್ತದೆ ಎಂದು ಅವನಿಂದಲೇ ಹೇಳಿಸಿ. ಕಣ್ಣು ಮುಚ್ಚಿಕೊಂಡು ಕ್ಲಚ್, ಬ್ರೇಕ್, ಇಂಜಿನ್ ನಿಲ್ಲಿಸುವ ಗುಂಡಿ ಮುಟ್ಟಲು ಬಂದ ಮೇಲೆ ಮುಂದಿನ ಪಾಠ. ಎಡ ಬಲ ಬ್ರೇಕ್ ಪೆಡಲುಗಳನ್ನು ಕೂಡಿಸುವ ಕೊಂಡಿಯನ್ನು ತೋರಿಸಿ. ಉಳುಮೆ ಮುಗಿಸಿ ಹೊರಡುವಾಗ ಅದನ್ನು ಹಾಕಲೇಬೇಕು. ಇಲ್ಲದಿದ್ದರೆ ವೇಗದಲ್ಲಿ ಬ್ರೇಕ್ ಒತ್ತಿದಾಗ ಒಂದೇ ಚಕ್ರ ನಿಂತು ಟ್ರ್ಯಾಕ್ಟರ್ ತಿರುಗಿ ಬೀಳುತ್ತದೆ.

2. ಸಮತಟ್ಟಾದ ಹೊಲದಲ್ಲಿ: ಟ್ರೈಲರ್ ಬೇಡ, ನೇಗಿಲು ಬೇಡ, ಅತಿ ಸಣ್ಣ ಗೇರು. ಕೆಲವು ದಿನ ಚಾಲೂ ಮಾಡುವುದು, ಹತ್ತು ಹೆಜ್ಜೆ ಹೋಗಿ ನಿಲ್ಲಿಸುವುದು ಇಷ್ಟೇ. ಚಾಲೂ ಮಾಡುವುದು ಸೀಟಿನಲ್ಲಿ ಕೂತೇ ಹೊರತು ಕೆಳಗೆ ನಿಂತಲ್ಲ. ತಾವು ಮಡ್‌ಗಾರ್ಡ್ ಮೇಲೆ ಕೂರಬೇಡಿ. ಮುಂದೆ, ಹಿಂದೆಯೂ ನಿಲ್ಲಬೇಡಿ. ಪಕ್ಕದಲ್ಲಿ ದೂರ ನಿಂತು ಕೈಸನ್ನೆ ಮಾಡಿ. ಇಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳಿಸದು, ಆದ್ದರಿಂದ ಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

3. ತಿರುವು ಮತ್ತು ಹಿಂದಕ್ಕೆ ತೆಗೆಯುವುದು: ಹಿಂದಕ್ಕೆ ತೆಗೆಯುವ ಮುನ್ನ ಪ್ರತಿ ಬಾರಿಯೂ ಇಳಿದು ಸುತ್ತ ನೋಡಿ ಬರುವ ಅಭ್ಯಾಸ ಮಾಡಿಸಿ. ಕೊಟ್ಟಿಗೆಯ ಮುಂದೆ ಆಡುವ ಮಗು, ಕಟ್ಟಿದ ಕರು ಸೀಟಿನಿಂದ ಕಾಣುವುದಿಲ್ಲ.

4. ಟ್ರೈಲರ್ ಮತ್ತು ಇಳಿಜಾರು: ಮೊದಲು ಖಾಲಿ ಟ್ರೈಲರ್, ನಂತರ ಅರ್ಧ ಮೇವು, ಎರಡೂ ಸಮತಟ್ಟಿನಲ್ಲಿ. ಇಳಿಜಾರಿನ ಪಾಠ ಕೊನೆಗೆ, ತಾವು ಎದುರಿಗಿದ್ದಾಗ ಮಾತ್ರ. ಇಳಿಯುವ ಮುನ್ನವೇ ಸಣ್ಣ ಗೇರು ಹಾಕಬೇಕು. ನಡುವೆ ಕ್ಲಚ್ ಒತ್ತಬಾರದು, ಗೇರು ಬದಲಿಸಬಾರದು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಚಟವನ್ನು ದೊಡ್ಡವರೇ ಮೊದಲು ಬಿಡಬೇಕು.

ಯಾವ ಹಂತದಲ್ಲೂ ಇಬ್ಬರು ಟ್ರ್ಯಾಕ್ಟರ್ ಮೇಲೆ ಇರಬಾರದು. ಒಂದು ಸೀಟು, ಒಬ್ಬ ಮನುಷ್ಯ. ಹೆಣ್ಣುಮಕ್ಕಳಿಗೂ ಇದೇ ಕ್ರಮದಲ್ಲಿ ಕಲಿಸಿ. ಎಷ್ಟೋ ಮನೆಗಳಲ್ಲಿ ಹೈನುಗಾರಿಕೆ ನಡೆಸುವವರು ಅವರೇ.

ತಿರುಗುವ ಶಾಫ್ಟಿನ ಹತ್ತಿರ ಬೇಡ

ಮೇವು ಕತ್ತರಿಸುವ ಯಂತ್ರವನ್ನು ಟ್ರ್ಯಾಕ್ಟರ್‌ನ ಹಿಂದಿನ ಶಾಫ್ಟಿಗೆ ಜೋಡಿಸುವವರು ಗಮನಿಸಿ. ಆ ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ದುಪಟ್ಟಾ, ಜಡೆ, ಪಂಚೆಯ ಅಂಚು ಸಿಕ್ಕಿದರೆ ಒಂದು ಸೆಕೆಂಡಿಗೆ ಸುಮಾರು ಒಂದು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಸಾಧ್ಯವೇ ಇಲ್ಲ. ಶಾಫ್ಟಿಗೆ ಮುಚ್ಚಳ ಹಾಕಿಸಿ. 18 ತುಂಬುವವರೆಗೆ ಮಕ್ಕಳನ್ನು ಈ ಕೆಲಸಕ್ಕೆ ಬಿಡಬೇಡಿ. ಮುಚ್ಚಿದ ಕೊಟ್ಟಿಗೆಯೊಳಗೆ ಇಂಜಿನ್ ಓಡಿಸುವುದೂ ತಪ್ಪು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದ ವಿಷ. ಮನುಷ್ಯರಿಗೂ ರಾಸುಗಳಿಗೂ ಮಾರಕ.

ರಸ್ತೆಗೆ 18ರ ನಂತರವೇ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಹೊಲಗಳಿದ್ದ ಜಾಗದಲ್ಲಿ ಈಗ ಬೀದಿಗಳಿವೆ. ನಗರ ಕೆಂಗೇರಿಯನ್ನೂ ದಾಟಿದೆ. ಮೆಟ್ರೋ ರೈಲು ಕೆಂಗೇರಿಗೆ 2021ರಲ್ಲಿ, ಚಳ್ಳಘಟ್ಟಕ್ಕೆ 2023ರಲ್ಲಿ ಬಂತು. ಹೊಲದಿಂದ ಮನೆಗೆ ಬರುವ ದಾರಿಯಲ್ಲೇ ಈಗ ಬಸ್ಸು, ಲಾರಿ, ಕಾರುಗಳ ಸಾಲು.

1988ರ ಮೋಟಾರು ವಾಹನ ಕಾಯಿದೆಯಂತೆ ಸಾರ್ವಜನಿಕ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಿಸಲು 18 ವರ್ಷ ತುಂಬಿರಬೇಕು, ಪರವಾನಗಿ ಇರಬೇಕು. 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಮು ಇನ್ನೂ ಕಟ್ಟುನಿಟ್ಟು. ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರೇ ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ನೋಂದಣಿ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗದು. ನನಗೆ ಗೊತ್ತಿರಲಿಲ್ಲ ಎಂದರೆ ಸಾಲದು. ತಿಳಿಯದೆ ನಡೆಯಿತು ಎಂಬುದನ್ನು ತಾವೇ ರುಜುವಾತುಪಡಿಸಬೇಕು. ಊರಿನ ಬೀದಿಯೂ, ಹಾಲಿನ ಸಂಘದ ಮುಂದಿನ ದಾರಿಯೂ ಸಾರ್ವಜನಿಕ ರಸ್ತೆಯೇ. ಆದ್ದರಿಂದ ಪಾಠವೆಲ್ಲ ಸ್ವಂತ ಹೊಲದೊಳಗೆ ಮುಗಿಯಬೇಕು.

ನೀರಿನ ಟ್ಯಾಂಕರ್ ಬಗ್ಗೆ ಒಂದು ಮಾತು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದಾಗ ಟ್ಯಾಂಕರ್‌ಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದದ್ದು ತಮಗೆ ನೆನಪಿದೆ. ಕೊಳವೆ ಬಾವಿ ಇರುವವರಿಗೆ ಇದು ಆದಾಯದ ಬಾಬತ್ತು, ತಪ್ಪೇನಿಲ್ಲ. ಆದರೆ 6000 ಲೀಟರ್ ನೀರೆಂದರೆ 6 ಟನ್ ಭಾರ; ಎಳೆಯುವ ಟ್ರ್ಯಾಕ್ಟರ್‌ನ ತೂಕ ಸುಮಾರು 2 ಟನ್. ಹಿಂದಿನ ಟ್ಯಾಂಕಿಗೆ ಬ್ರೇಕ್ ಇಲ್ಲದಿದ್ದರೆ ಅದು ಟ್ರ್ಯಾಕ್ಟರನ್ನೇ ತಳ್ಳಿ ಅಡ್ಡ ತಿರುಗಿಸುತ್ತದೆ. ಟ್ಯಾಂಕು ಅರ್ಧ ಖಾಲಿಯಿದ್ದರೆ ತಿರುವಿನಲ್ಲಿ ನೀರು ಒಂದು ಬದಿಗೆ ನುಗ್ಗಿ ಉರುಳಿಸುತ್ತದೆ. ಸಂಜೆ ಎರಡು ಟ್ರಿಪ್ ಹೆಚ್ಚಿಗೆ ಆಗಲೆಂದು ಶಾಲೆಯಿಂದ ಬಂದ ಮಗನನ್ನು ಇದಕ್ಕೆ ಕಳಿಸಲೇಬೇಡಿ.

ಅನಾಹುತವಾದರೆ ಮೊದಲು ಇಂಜಿನ್ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಯಂತ್ರ ಮತ್ತೆ ಉರುಳದಂತೆ ಆನಿಕೆ ಕೊಟ್ಟು ಆಮೇಲೆ ಎತ್ತಲು ನೋಡಿ. ಹೊಲಕ್ಕೆ ಹೋಗುವ ಮಗ ಯಾವ ಹೊಲಕ್ಕೆ ಹೋಗಿದ್ದಾನೆ, ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ.

ಕೊನೆಯ ಮಾತು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಮಕ್ಕಳಿಗೆ ಯಂತ್ರ ಮುಟ್ಟಬೇಡಿ ಎಂದಷ್ಟೇ ಹೇಳಿದರೆ ಅವರು ತಾವಿಲ್ಲದಾಗ ಮುಟ್ಟುತ್ತಾರೆ. ಕಲಿಸಿ, ಆದರೆ ಕ್ರಮವಾಗಿ ಕಲಿಸಿ. ಕೀಲಿ ಮಾತ್ರ ತಮ್ಮ ಜೇಬಿನಲ್ಲಿರಲಿ. ಸಂಘದಲ್ಲಿ ಜಿಡ್ಡಿನ ಪರೀಕ್ಷೆ ಆಗದೆ ಹಾಲಿಗೆ ದರ ಕಟ್ಟುವುದಿಲ್ಲ. ಮಗನನ್ನು ಪರೀಕ್ಷಿಸದೆ ಕೀಲಿ ಕೊಡುವುದು ಹೇಗೆ?

ಅಂದು ಕಾಲು ಮುರಿದುಕೊಂಡ ಹುಡುಗ ಈಗ ದೊಡ್ಡವನಾಗಿದ್ದಾನೆ. ಬೆಳಿಗ್ಗೆ ಸಂಘಕ್ಕೆ ಹಾಲು ತರುತ್ತಾನೆ. ಮೆಟ್ಟಿಲು ಹತ್ತುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಾನೆ. ಕಳೆದ ಬಾರಿ ಸಿಕ್ಕಾಗ ತನ್ನ ತಮ್ಮನಿಗೆ ಟಿಲ್ಲರ್ ಕಲಿಸುತ್ತಿದ್ದೇನೆ ಎಂದ. "ಎಲ್ಲಿಂದ ಶುರು ಮಾಡಿದೆ?" ಎಂದು ಕೇಳಿದೆ. "ನಿಲ್ಲಿಸುವುದರಿಂದ ಸಾರ್" ಎಂದ. ತಮ್ಮ ಮನೆಯಲ್ಲೂ ಅಲ್ಲಿಂದಲೇ ಶುರುವಾಗಲಿ ಎಂದು ಕೋರುತ್ತೇನೆ.